ತರಗತಿಯಲ್ಲಿ ‘ನಾಗಮಂಡಲ’: ಅಪ್ಪಣ್ಣ ಸುಲಭ, ನಾಗ ಕಷ್ಟ

ಗಂಡು-ಹೆಣ್ಣಿನ ಪಾತ್ರ, ಮನೆಯೊಳಗಿನ ಅಧಿಕಾರ ಇಂಥ ವಿಷಯ ಇಟ್ಟುಕೊಂಡು ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಲು ಯಾವ ನಾಟಕ ಹಿಡಿಯಲಿ ಎಂದು ಯಾರಾದರೂ ಕೇಳಿದರೆ ಕನ್ನಡದಲ್ಲಿ ಮೊದಲು ಬಾಯಿಗೆ ಬರುವ ಹೆಸರು ಗಿರೀಶ ಕಾರ್ನಾಡರ ‘ನಾಗಮಂಡಲ’. 1988ರ ನಾಟಕ. ಎರಡು ಜನಪದ ಕತೆಗಳ ಮೇಲೆ ನಿಂತದ್ದು. ಎರಡನ್ನೂ ಕಾರ್ನಾಡರಿಗೆ ಹೇಳಿದವರು ಎ.ಕೆ. ರಾಮಾನುಜನ್. ಪುಸ್ತಕ ತೆಳು, ಮುಖ್ಯ ಪಾತ್ರಗಳು ಬೆರಳೆಣಿಕೆಯಷ್ಟು, ಸೆಟ್ಟಿಗೆ ಖರ್ಚಿಲ್ಲ. ಪದವಿ ತರಗತಿಗೂ ಕಾಲೇಜು ರಂಗತಂಡಕ್ಕೂ ಧೈರ್ಯವಾಗಿ ಕೊಳ್ಳಬಹುದು. ಆದರೆ ಕೊಂಡವರಲ್ಲಿ ಬಹಳ ಜನ ತಪ್ಪು ಪುಟದಲ್ಲಿ ಹೊತ್ತು ಕಳೆಯುತ್ತಾರೆ. ಅದರ ಸಾಹಿತ್ಯಗುಣದ ಬಗ್ಗೆ ಸಾಕಷ್ಟು ಬರೆದಾಗಿದೆ. ಇಲ್ಲಿರುವುದು ತರಗತಿಯಲ್ಲಿ ಈ ಪಠ್ಯ ಎಷ್ಟು ದುಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಲೆಕ್ಕ.

ತಪ್ಪು ಪುಟ ಎಂದರೆ ಅಪ್ಪಣ್ಣನ ಪುಟ. ಮದುವೆಯಾಗಿ ಬಂದ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ, ಮಧ್ಯಾಹ್ನ ಬಂದು ಸ್ನಾನ ಮಾಡಿ, ಉಂಡು, ಬೀಗ ಜಡಿದು, ಇನ್ನೊಬ್ಬಳ ಮನೆಗೆ ಹೋಗುವ ಗಂಡ. ಇವನು ಕೆಟ್ಟವನು ಎನ್ನಲು ಯಾವ ಹದಿನೆಂಟರ ಹುಡುಗನಿಗೂ ಐದು ನಿಮಿಷ ಸಾಕು. ತರಗತಿಯೆಲ್ಲ ಒಂದೇ ಸ್ವರದಲ್ಲಿ ಅವನನ್ನು ಬೈದು, ಹಿಂದಿನ ಕಾಲದ ಹೆಂಗಸರ ಸ್ಥಿತಿ ಹೀಗಿತ್ತು ಎಂದು ನೋಟ್ಸ್ ಬರೆದು, ಎದ್ದು ಹೋಗುತ್ತದೆ. ಯಾರಿಗೂ ಏನೂ ಚುಚ್ಚುವುದಿಲ್ಲ, ಯಾಕೆಂದರೆ ತರಗತಿಯಲ್ಲಿ ಕೂತ ಯಾರೂ ತಮ್ಮನ್ನು ಅಪ್ಪಣ್ಣ ಎಂದುಕೊಳ್ಳುವುದಿಲ್ಲ.

ಕಷ್ಟವಿರುವುದು ನಾಗನಲ್ಲಿ. ಗಂಡನನ್ನು ಒಲಿಸಿಕೊಳ್ಳಲೆಂದು ಊರಿನ ಕುರುಡು ಮುದುಕಿ ಕುರುಡವ್ವ ಕೊಟ್ಟ ದೊಡ್ಡ ಬೇರು ಹಾಕಿ ಮಾಡಿದ ಸಾರು ರಕ್ತದ ಹಾಗೆ ಕೆಂಪಾಗಿ ಕುದಿಯುತ್ತದೆ. ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅಲ್ಲಿದ್ದ ನಾಗ ಅವಳಿಗೆ ಒಲಿದು, ಅಪ್ಪಣ್ಣನ ರೂಪ ತಾಳಿ, ಬಚ್ಚಲ ಮೋರಿಯಿಂದ ಒಳಗೆ ಬರುತ್ತದೆ. ಮಾತು ಮೃದು, ಕೈ ಮೃದು, ಅವಳ ತವರಿನ ನೆನಪನ್ನು ಕೂತು ಕೇಳುವ ಸಮಾಧಾನ. ವಿದ್ಯಾರ್ಥಿಗಳು, ಅದರಲ್ಲೂ ಸಿನಿಮಾ ನೋಡಿ ಬಂದವರು, ಇವನಿಗೆ ಪೂರ್ತಿ ಮನಸೋಲುತ್ತಾರೆ. ಆದರೆ ರಾತ್ರಿಯ ಗಂಡನೂ ಷರತ್ತು ಹಾಕಿಯೇ ಬರುತ್ತಾನೆ: ನಾನು ಬರುವಾಗ ಹೋಗುವಾಗ ಹೊರಗೆ ಬರಬೇಡ, ಕಿಟಕಿಯಿಂದ ನೋಡಬೇಡ, ಯಾಕೆ ಅಂತ ಕೇಳಬೇಡ. ಹಗಲಿನವನ ಅಪ್ಪಣೆಯೂ ಇದೇ ಧಾಟಿಯದು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರೆ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಪ್ರೀತಿ ತೋರಿಸುವವನ ಕೈಯಲ್ಲೂ ಬೀಗದಕೈ ಇದೆ ಎಂಬುದು ಹೊಳೆಯುವುದು ಆಗ. ಈ ನಾಟಕಕ್ಕೆ ದುಡ್ಡು ಕೊಡಬೇಕಾದದ್ದು ಈ ಒಂದು ಕಾರಣಕ್ಕೆ. ಬರಿಯ ದಬ್ಬಾಳಿಕೆ ತೋರಿಸುವ ನಾಟಕಗಳು ಬೇಕಾದಷ್ಟಿವೆ.

ಪದವಿ ವಿದ್ಯಾರ್ಥಿಗಳಾದರೆ ಇಲ್ಲಿ ಕಾನೂನಿನ ಒಂದು ಸಾಲು ಓದಿಸಬಹುದು. ತಾನು ಆಕೆಯ ಗಂಡನಲ್ಲ ಎಂದು ಗೊತ್ತಿದ್ದೂ, ತನ್ನನ್ನು ಗಂಡನೆಂದು ನಂಬಿದ ಹೆಂಗಸಿನ ಒಪ್ಪಿಗೆ ಪಡೆದು ಕೂಡುವುದು ಅತ್ಯಾಚಾರ ಎಂದು ಹಳೆಯ ದಂಡ ಸಂಹಿತೆಯ 375ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ ಇದೆ. ಇದನ್ನು ಓದಿದ ಮೇಲೆ ನಾಗನ ದೃಶ್ಯಕ್ಕೆ ಮರಳಿದರೆ ಚರ್ಚೆಯ ಬಣ್ಣವೇ ಬೇರೆ. ಎಚ್ಚರಿಕೆ ಒಂದೇ: ತೀರ್ಪು ಕೊಟ್ಟು ಪಾಠ ಮುಗಿಸಬಾರದು. ನಾಟಕ ನಾಗನನ್ನು ಅಪರಾಧಿ ಎಂದು ಕಟಕಟೆಗೆ ಹತ್ತಿಸುವುದಿಲ್ಲ. ಇಬ್ಬರೂ ಒಬ್ಬನೇ ಅಲ್ಲ ಎಂದು ರಾಣಿಗೆ ಯಾವಾಗ ತಿಳಿಯಿತು, ತಿಳಿದ ಮೇಲೂ ಯಾಕೆ ಕೇಳಲಿಲ್ಲ ಎಂಬುದನ್ನು ತೆರೆದೇ ಇಡುತ್ತದೆ. ರಾಣಿಯ ಕತೆಯನ್ನು ನಾಟಕದೊಳಗೇ ಕೂತು ಕೇಳುವ ಒಬ್ಬ ನಾಟಕಕಾರನ ಪಾತ್ರವಿದೆ, ಕೊನೆಯ ಭಾಗದಲ್ಲಿ ಅವನು ಎತ್ತುವ ಪ್ರಶ್ನೆಯೂ ಅದೇ. ಅವಳಿಗೆ ಗೊತ್ತಿತ್ತು ಎನ್ನುವವರು ಕೋಣೆಯ ಒಂದು ಗೋಡೆಗೆ, ಗೊತ್ತಿರಲಿಲ್ಲ ಎನ್ನುವವರು ಇನ್ನೊಂದು ಗೋಡೆಗೆ ನಿಲ್ಲಲಿ. ಪ್ರತಿಯೊಬ್ಬರೂ ಪಠ್ಯದಿಂದ ಒಂದು ಸಾಲು ತೋರಿಸಬೇಕು. ಸಾಲು ಸಿಗದವರು ಮಧ್ಯಕ್ಕೆ ಬರಲಿ. ಹತ್ತು ನಿಮಿಷದಲ್ಲಿ ಮಧ್ಯ ತುಂಬಿರುತ್ತದೆ.

ಕನ್ನಡದ ತರಗತಿಗೆ ಮಾತ್ರ ದಕ್ಕುವ ಅಭ್ಯಾಸ ಒಂದಿದೆ. ಇದನ್ನು ಬಿಡಲೇಬಾರದು. ಅಪ್ಪಣ್ಣ-ರಾಣಿಯರ ಊಟದ ದೃಶ್ಯದಿಂದ ಎರಡು ಪುಟ ಆರಿಸಿ. ಮೊದಲ ಓದಿನಲ್ಲಿ ಕೈಯಲ್ಲಿ ಎರಡು ಬಣ್ಣದ ಪೆನ್ಸಿಲ್ ಇರಲಿ: ಆಜ್ಞೆ ಮಾಡುವ ಕ್ರಿಯಾಪದಗಳಿಗೆ ಕೆಂಪು, ಪ್ರಶ್ನೆಗಳಿಗೆ ನೀಲಿ. ಯಾರ ಮಾತಿನಲ್ಲಿ ಯಾವ ಬಣ್ಣ ಹೆಚ್ಚು ಎಂದು ಎಣಿಸಿ. ಎರಡನೆಯ ಓದಿನಲ್ಲಿ ಸಂಬೋಧನೆ ತಿರುವುಮುರುವು ಮಾಡಿ: ರಾಣಿ ಅಪ್ಪಣ್ಣನಿಗೆ ಏಕವಚನ, ಅಪ್ಪಣ್ಣ ರಾಣಿಗೆ ಬಹುವಚನ. ಬಾಗಿಲು ಹಾಕು ಎಂಬುದು ಬಾಗಿಲು ಹಾಕಿ ಎಂದಾಗುತ್ತದೆ, ಬನ್ನಿ ಎಂಬುದು ಬಾ ಎಂದಾಗುತ್ತದೆ. ಮಾತಿನ ಸಾರ ಅದೇ ಇರುತ್ತದೆ, ಅಧಿಕಾರ ಪಲ್ಲಟವಾಗುತ್ತದೆ. ಹುಡುಗಿಯರ ನಾಲಗೆ ತಡವರಿಸುತ್ತದೆ, ಹುಡುಗರು ನಗುತ್ತಾರೆ. ನಗಲಿ ಬಿಡಿ, ಆದರೆ ಓದು ನಿಲ್ಲಬಾರದು. ಎರಡು ಪುಟ ಪೂರ್ತಿ ಓದಿದ ಮೇಲೆಯೇ ಯಾಕೆ ನಗು ಬಂತು ಎಂದು ಕೇಳಿ. ಕಾರ್ನಾಡರೇ ಮಾಡಿದ ಇಂಗ್ಲಿಷ್ ರೂಪ 1990ರಲ್ಲಿ ಬಂತು, ಇಂಗ್ಲಿಷ್ ವಿಭಾಗಗಳಲ್ಲಿ ಓಡಾಡುವುದು ಅದೇ ಪ್ರತಿ. ಅದರಲ್ಲಿ ಈ ಅಭ್ಯಾಸ ನಡೆಯದು, ನೀನು-ನೀವು ಎರಡಕ್ಕೂ ಅಲ್ಲಿ ಒಂದೇ ಪದ. ಇಂಗ್ಲಿಷ್ ಮೇಷ್ಟ್ರುಗಳೂ ಒಂದು ಪೀರಿಯಡ್ಡಿನ ಮಟ್ಟಿಗೆ ಕನ್ನಡ ಪುಸ್ತಕ ಎರವಲು ತರುವುದು ಒಳ್ಳೆಯದು.

ದೇಹದ ಅಭ್ಯಾಸಕ್ಕೆ ಇಸ್ಪೀಟ್ ಎಲೆ ಸಾಕು. ಒಂದು ಬಣ್ಣದ ಎಕ್ಕದಿಂದ ಹತ್ತರವರೆಗಿನ ಹತ್ತು ಎಲೆ, ಹತ್ತು ಜನ. ತಮ್ಮ ಎಲೆ ತಾವು ನೋಡದೆ ಹಣೆಗೆ ಹಿಡಿದು ನಾಲ್ಕು ನಿಮಿಷ ಊರ ಕಟ್ಟೆಯ ಮೇಲೆ ಓಡಾಡಬೇಕು. ಸಂಖ್ಯೆ ದೊಡ್ಡದಾದಷ್ಟೂ ಸ್ಥಾನ ದೊಡ್ಡದು; ಎದುರಿನವನ ಹಣೆಯ ಸಂಖ್ಯೆ ನೋಡಿ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಕೊನೆಗೆ ತಮ್ಮ ಸಂಖ್ಯೆ ಇಷ್ಟಿರಬಹುದೆಂದು ಊಹಿಸಿ ಸಾಲಾಗಿ ನಿಲ್ಲಬೇಕು. ಹೆಚ್ಚುಕಮ್ಮಿ ಸರಿಯಾಗಿಯೇ ನಿಲ್ಲುತ್ತಾರೆ: ನಮ್ಮ ಸ್ಥಾನ ನಮಗೆ ಗೊತ್ತಾಗುವುದು ಇತರರ ಮುಖ ನೋಡಿ. ಇದು ಕೆಡುವ ಬಗೆಯೂ ಒಂದೇ, ಎಲ್ಲರೂ ಸಲಾಂ ಹೊಡೆಯಲು, ಕಾಲಿಗೆ ಬೀಳಲು ಶುರುಮಾಡಿ ಅದು ಸಂತೆಯಾಗುತ್ತದೆ. ಅದಕ್ಕೆ ಮೊದಲೇ ಕಟ್ಟು ಹಾಕಿ: ಎಷ್ಟು ದೂರ ನಿಲ್ಲುವುದು, ಎಷ್ಟು ಹೊತ್ತು ಕಣ್ಣು ಕೂಡಿಸುವುದು, ಮಾತು ಮೊದಲು ಮುಗಿಸುವವರು ಯಾರು. ಈ ಮೂರನ್ನು ಬಿಟ್ಟು ಬೇರೇನೂ ಬದಲಾಗಕೂಡದು. ಎರಡನೆಯ ಸುತ್ತಿನಲ್ಲಿ ಎಲೆ ಅವರವರಿಗೆ ಮಾತ್ರ ಕಾಣಲಿ. ಹುಡುಗಿಯರಿಗೆ ಎಂಟು, ಒಂಬತ್ತು, ಹತ್ತು ಬರುವ ಹಾಗೆ ಹಂಚಿ. ಹತ್ತನೇ ಎಲೆ ಹಿಡಿದ ಹುಡುಗಿ ಕಟ್ಟೆಯ ನಡುವೆ ನಿಲ್ಲುತ್ತಾಳೋ ಅಂಚಿಗೆ ಸರಿಯುತ್ತಾಳೋ, ಸುಮ್ಮನೆ ನೋಡುತ್ತಿರಿ. ಹೀಗೆ ಅಂಚಿಗೆ ಸರಿದಳು ಎಂದು ಹೆಸರು ಹಿಡಿದು ಹೇಳಬೇಡಿ.

ಪಾತ್ರ ಅದಲುಬದಲು ಮಾಡುವುದು, ಅಂದರೆ ಹುಡುಗ ರಾಣಿ ಮತ್ತು ಹುಡುಗಿ ಅಪ್ಪಣ್ಣ ಆಗುವುದು, ಎಲ್ಲರಿಗೂ ಹೊಳೆಯುವ ಉಪಾಯ. ಬೇಗ ಹಾಳಾಗುವುದೂ ಅದೇ. ಹುಡುಗ ದುಪಟ್ಟಾ ಎಳೆದುಕೊಂಡು ಕೀರಲು ದನಿ ತೆಗೆದ ಕ್ಷಣಕ್ಕೆ ಕಾಲೇಜು ಡೇ ಪ್ರಹಸನ ಶುರು. ದನಿ, ನಡಿಗೆ, ಬಟ್ಟೆ ಮೂರನ್ನೂ ಬದಲಾಯಿಸಬಾರದು ಎಂಬುದು ನಿಯಮವಾಗಲಿ. ಹುಡುಗ ತನ್ನದೇ ದನಿಯಲ್ಲಿ, ಪ್ಯಾಂಟು ಶರ್ಟಿನಲ್ಲೇ, ರಾಣಿ ಮಾಡುವ ಕೆಲಸ ಮಾತ್ರ ಮಾಡಲಿ: ತಟ್ಟೆ ಇಡುವುದು, ಕಾಯುವುದು, ಬಡಿಸುವುದು, ಮತ್ತೆ ಕಾಯುವುದು. ಬೀಗ ನಿಜವಾದದ್ದೇ ಇರಲಿ, ಹಿತ್ತಾಳೆಯದ್ದಾದರೆ ಇನ್ನೂ ಒಳ್ಳೆಯದು. ಅದು ಕ್ಲಿಕ್ ಎಂದು ಬೀಳುವ ಸದ್ದಾದ ಮೇಲೆ ಒಳಗಿದ್ದವನು ಪೂರ್ತಿ ಎರಡು ನಿಮಿಷ ಒಬ್ಬನೇ ಕೂರಬೇಕು, ಏನೂ ಮಾಡದೆ. ರಂಗದ ಮೇಲೆ ಎರಡು ನಿಮಿಷ ಬಹಳ ಉದ್ದ. ಆ ಹೊತ್ತಿನಲ್ಲಿ ನಗು ತಾನಾಗಿ ಅಡಗುತ್ತದೆ.

ಇದೇ ಸಂದರ್ಭದಲ್ಲಿ ನಮ್ಮ ರಂಗಭೂಮಿಯ ಚರಿತ್ರೆಯನ್ನು ತರಬಹುದು. ಯಕ್ಷಗಾನದ ಸ್ತ್ರೀವೇಷ, ಕಂಪನಿ ನಾಟಕಗಳಲ್ಲಿ ಸೀರೆ ಉಟ್ಟ ಗಂಡಸರು, ಸ್ತ್ರೀಪಾತ್ರಗಳಿಗೆ ಹೆಸರಾಗಿ ಉತ್ತರ ಕರ್ನಾಟಕದವರೂ ಹುಚ್ಚೆದ್ದು ನೋಡಿದ ಮರಾಠಿ ನಟ ಬಾಲಗಂಧರ್ವ. ಬಾಲಗಂಧರ್ವರು ಉಟ್ಟ ಸೀರೆ, ಮುಡಿದ ಹೂ ನೋಡಿ ಮನೆಯ ಹೆಂಗಸರು ಅದೇ ರೀತಿ ಸಿಂಗರಿಸಿಕೊಳ್ಳುತ್ತಿದ್ದರು. ಹೆಣ್ಣು ಹೇಗಿರಬೇಕು ಎಂಬುದನ್ನು ಗಂಡಸು ಆಡಿ ತೋರಿಸಿ, ಹೆಂಗಸರು ನೋಡಿ ಕಲಿತ ಉದಾಹರಣೆ ಇದು. ಹೆಣ್ತನ ಹುಟ್ಟಿನಿಂದ ಬಂದದ್ದೋ ಅಭ್ಯಾಸದಿಂದ ಬಂದದ್ದೋ ಎಂಬ ಚರ್ಚೆಗೆ ಯಾವ ಸಿದ್ಧಾಂತದ ಪುಸ್ತಕಕ್ಕಿಂತ ಇದು ಬೇಗ ದಾರಿ ಮಾಡಿಕೊಡುತ್ತದೆ.

ಪಂಚಾಯ್ತಿಯ ದೃಶ್ಯ ಈ ಪಠ್ಯದ ಎರಡನೆಯ ಖಜಾನೆ. ರಾಣಿ ಬಸುರಿ. ನಾನು ಇವಳನ್ನು ಮುಟ್ಟಿಯೇ ಇಲ್ಲ ಎಂದು ಅಪ್ಪಣ್ಣ ಊರ ಹಿರಿಯರ ಮುಂದೆ ದೂರು ಒಯ್ಯುತ್ತಾನೆ. ಇಟ್ಟುಕೊಂಡವಳ ಮನೆಗೆ ಹಾಡುಹಗಲೇ ಹೋಗುವವನನ್ನು ಯಾರೂ ಏನೂ ಕೇಳುವುದಿಲ್ಲ. ಕಾದ ಕಬ್ಬಿಣ ಹಿಡಿಯುವ ಬದಲು ಹುತ್ತಕ್ಕೆ ಕೈ ಹಾಕಿ ಪ್ರಮಾಣ ಮಾಡುತ್ತೇನೆ ಎಂದು ರಾಣಿ ಹೊರಡುತ್ತಾಳೆ. ಈ ಊರಿಗೆ ಬಂದ ಮೇಲೆ ತನ್ನ ಕೈ ಮುಟ್ಟಿದ್ದು ಗಂಡನನ್ನು ಮತ್ತು ಈ ಹಾವನ್ನು ಮಾತ್ರ ಎಂಬ ಅರ್ಥದ ಅವಳ ಪ್ರಮಾಣ ಅಕ್ಷರಶಃ ನಿಜ. ನಾಗ ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ, ಜನ ದೇವಿ ಎಂದು ಅಡ್ಡಬೀಳುತ್ತಾರೆ.

ಇದನ್ನು ಬ್ರೆಜಿಲ್‌ನ ಅಗಸ್ಟೊ ಬೋಅಲ್ ರೂಢಿಗೆ ತಂದ ಫೋರಂ ರಂಗಭೂಮಿಯ ಕ್ರಮದಲ್ಲಿ ಆಡಿಸಿದರೆ ಹೆಚ್ಚು ಫಲ. ದೃಶ್ಯವನ್ನು ಎಂಟು ನಿಮಿಷಕ್ಕೆ ಇಳಿಸಿ. ಹಾವಿನ ಪವಾಡ ತೆಗೆದುಬಿಡಿ. ರಾಣಿಗೆ ಯಾವ ದೈವದ ನೆರವೂ ಇಲ್ಲ. ಮೊದಲ ಸಲ ತಡೆಯಿಲ್ಲದೆ, ಅವಳು ಸೋಲುವಲ್ಲಿಗೆ ಆಡಿ. ಎರಡನೆಯ ಸಲ ನೋಡುವವರು ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ರಂಗಕ್ಕೆ ಬಂದು, ಬೇರೆ ರೀತಿ ಮಾಡಿ ತೋರಿಸಬಹುದು. ಇಲ್ಲಿ ಪದೇಪದೇ ಆಗುವ ತಪ್ಪು, ವಿದ್ಯಾರ್ಥಿಗಳು ಅಪ್ಪಣ್ಣನ ಜಾಗಕ್ಕೆ ಬಂದು ಅವನನ್ನು ಒಳ್ಳೆಯವನನ್ನಾಗಿ ಮಾಡಿಬಿಡುವುದು. ಗಂಡ ಕ್ಷಮೆ ಕೇಳಿದ, ಸಂಸಾರ ಸರಿಹೋಯಿತು, ಚಪ್ಪಾಳೆ. ಹಾಗಾಗದಂತೆ, ರಾಣಿಯ ಜಾಗಕ್ಕೆ ಅಥವಾ ಸುಮ್ಮನೆ ನಿಂತು ನೋಡುವ ಊರವರ ಜಾಗಕ್ಕೆ ಮಾತ್ರ ಬರಬಹುದು ಎಂದು ಮೊದಲೇ ಹೇಳಿರಬೇಕು. ಹಿರಿಯರ ಪಾತ್ರದವರಿಗೆ ಒಂದು ಗುಟ್ಟಿನ ಸೂಚನೆ ಕೊಟ್ಟಿರಿ: ಸುಲಭಕ್ಕೆ ಸೋಲಬೇಡಿ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಒಬ್ಬ ಹಿರಿಯ ಹೇಳಿಯೇ ಹೇಳುತ್ತಾನೆ, ಯಾರೂ ಕಲಿಸಬೇಕಿಲ್ಲ. ಆ ಗಾದೆ ಬಂದಾಗ ದೃಶ್ಯ ನಿಲ್ಲಿಸಿ, ಅದು ಯಾರಿಗೆ ಅನುಕೂಲ ಎಂದು ಕೇಳಿ, ಮುಂದುವರಿಸಿ. ಒಂದು ಪೀರಿಯಡ್ಡಿಗೆ ಐದಾರು ಪ್ರಯತ್ನ ಹಿಡಿಸುತ್ತವೆ, ಅದಕ್ಕಿಂತ ಹೆಚ್ಚಾದರೆ ಸವಕಲು.

ಹಾದರದ ಕಾನೂನನ್ನೂ ಇಲ್ಲಿ ಜೋಡಿಸಬಹುದು. ದಂಡ ಸಂಹಿತೆಯ 497ನೇ ಕಲಂ ಇನ್ನೊಬ್ಬನ ಹೆಂಡತಿಯನ್ನು ಕೂಡಿದ ಗಂಡಸನ್ನು ಮಾತ್ರ ಶಿಕ್ಷಿಸುತ್ತಿತ್ತು, ಅದೂ ಆಕೆಯ ಗಂಡನ ಒಪ್ಪಿಗೆ ಇಲ್ಲದಿದ್ದರೆ. ಹೆಂಡತಿ ಗಂಡನ ಸೊತ್ತು ಎಂಬ ಎಣಿಕೆ ಅದರ ತಳದಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2018ರ ಸೆಪ್ಟೆಂಬರ್ 27ರಂದು, ಅಂದರೆ ನಾಟಕ ಬಂದು ಮೂವತ್ತು ವರ್ಷದ ಮೇಲೆ. ಹಿಂದಿನ ಕಾಲದ ಕತೆ ಎಂದು ಕೈತೊಳೆದುಕೊಳ್ಳುವವರಿಗೆ ಈ ಒಂದು ತಾರೀಖು ಸಾಕು.

ಇನ್ನು ರಂಗಕ್ಕೇ ಬಾರದ ಪಾತ್ರ: ಅಪ್ಪಣ್ಣ ದಿನವೂ ಹೋಗುವ ಮನೆಯ ಹೆಂಗಸು. ಅವಳಿಗೆ ಹೆಸರಿಲ್ಲ, ಒಂದೇ ಒಂದು ಮಾತಿಲ್ಲ. ಹುತ್ತದ ಪ್ರಮಾಣದ ನಂತರ ಅವಳು ತನ್ನ ಬಾಳಿಗೆ ನಾಚಿ ರಾಣಿಯ ಮನೆಗೆ ನೀರು ಹೊರುವ ಆಳಾಗಿ ಸೇರಿಕೊಂಡಳು ಎಂದು ಕತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ರಾಣಿಗೆ ಅಧಿಕಾರ ಬಂತು, ಅದರ ಭಾರ ಬಿದ್ದದ್ದು ಇನ್ನೊಬ್ಬ ಹೆಂಗಸಿನ ತಲೆಯ ಮೇಲಿನ ಕೊಡದಲ್ಲಿ. ಈ ಸಾಲನ್ನು ಹೆಚ್ಚಿನ ಓದುಗರು ದಾಟಿಕೊಂಡೇ ಹೋಗುತ್ತಾರೆ. ಒಬ್ಬ ವಿದ್ಯಾರ್ಥಿಯನ್ನು ಕುರ್ಚಿಯ ಮೇಲೆ ಅವಳಾಗಿ ಕೂರಿಸಿ, ಉಳಿದವರು ಹದಿನೈದು ನಿಮಿಷ ಪ್ರಶ್ನೆ ಕೇಳಲಿ: ಅಪ್ಪಣ್ಣ ನಿನಗೆ ಏನು ಕೊಡುತ್ತಿದ್ದ, ನೀರು ಹೊರಲು ನೀನೇ ಬಂದೆಯಾ, ಯಾರಾದರೂ ಹೇಳಿದರಾ. ಕೂತವರು ಮೊದಲೇ ನಾಲ್ಕು ಸಂಗತಿ ತೀರ್ಮಾನಿಸಿಕೊಂಡಿರಬೇಕು: ವಯಸ್ಸು, ಮನೆ ಎಲ್ಲಿ, ಹೊಟ್ಟೆಪಾಡು ಹೇಗೆ, ಜಾತಿ ಯಾವುದು. ಇಲ್ಲದಿದ್ದರೆ ಉತ್ತರಗಳು ಧಾರಾವಾಹಿಯಿಂದ ಬರುತ್ತವೆ. ಮುಗಿದ ಮೇಲೆ ‘ಇಟ್ಟುಕೊಂಡವಳು’ ಎಂಬ ಪದವನ್ನು ಬೋರ್ಡಿಗೆ ಬರೆದು, ಇಟ್ಟುಕೊಂಡವನಿಗೆ ಕನ್ನಡದಲ್ಲಿ ಯಾವ ಪದವಿದೆ ಎಂದು ಹುಡುಕಿಸಿ.

ಕುರುಡವ್ವ, ಅವಳ ಮಗ ಕಪ್ಪಣ್ಣ, ಮಾತಾಡುವ ಜ್ಯೋತಿಗಳು ಆಡಲು ಸೊಗಸು, ಅಧಿಕಾರದ ಪಾಠಕ್ಕೆ ಅಷ್ಟೇನೂ ಸಿಗುವುದಿಲ್ಲ. ಒಂದು ಅಂಶವನ್ನು ಮಾತ್ರ ತೆಗೆದಿಟ್ಟುಕೊಳ್ಳಿ: ಕತೆ ಕೇಳುವ ನಾಟಕಕಾರ ಗಂಡಸು, ಆ ರಾತ್ರಿ ನಿದ್ದೆ ಹೋದರೆ ಸಾಯಬೇಕಾದ ಅವನಿಗೆ ಕತೆ ಕೊಟ್ಟು ಜೀವ ಉಳಿಸುವವರು ಹೆಣ್ಣುಗಳು.

ನಾಟಕಕ್ಕೆ ಒಂದೇ ಕೊನೆಯಿಲ್ಲ. ಎಲ್ಲ ಸುಖವಾಗಿ ಮುಗಿಯಿತೆಂಬುದು ಒಂದು. ನಾಗ ರಾಣಿಯ ಕೂದಲಿಗೇ ಉರುಳು ಹಾಕಿಕೊಂಡು ಸಾಯುವುದು, ಅದಕ್ಕೆ ಅವಳು ಮಗನಿಂದಲೇ ಸಂಸ್ಕಾರ ಮಾಡಿಸುವುದು ಇನ್ನೊಂದು. ನಾಗ ಬದುಕಿ ಅವಳ ಮುಡಿಯಲ್ಲೇ ಇರುವುದು ಮತ್ತೊಂದು. ಮೂರನ್ನೂ ಮೂರು ಗುಂಪಿಗೆ ಕೊಟ್ಟು, ಪ್ರತಿ ಕೊನೆಯಲ್ಲಿ ಬೀಗದಕೈ ಯಾರ ಕೈಯಲ್ಲಿದೆ ಎಂಬ ಒಂದೇ ಸ್ತಬ್ಧಚಿತ್ರ ಮಾಡಿಸಿ. ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ಓದಿದ ತರಗತಿಯಾದರೆ ಹೋಲಿಕೆ ಚೆನ್ನಾಗಿ ಕೂಡುತ್ತದೆ. ಅಲ್ಲಿ ಹೆಂಡತಿ ಬಾಗಿಲು ತೆರೆದು ಹೊರಗೆ ಹೋಗುವುದನ್ನು ಜರ್ಮನಿಯ ನಟಿ ಒಪ್ಪದೆ, ನಾಟಕಕಾರ 1880ರಲ್ಲಿ ಬೇರೆ ಕೊನೆ ಬರೆದುಕೊಡಬೇಕಾಯಿತು. ಇಲ್ಲಿ ರಾಣಿಗೆ ಹೊರಗೆ ಹೋಗುವ ಕೊನೆಯೇ ಇಲ್ಲ. ನಾಟಕದ ಮಿತಿ ಅದು. ಹೆಣ್ಣಾಗಿ ಸಿಗದ ಮಾನ ದೇವಿಯಾಗಿ ಸಿಕ್ಕಿತು, ಮನೆ ಅದೇ ಉಳಿಯಿತು. ಹೊರಗೆ ಹೋಗುವ ನಾಲ್ಕನೆಯ ಕೊನೆಯನ್ನು ವಿದ್ಯಾರ್ಥಿಗಳು ಬರೆಯಲಿ. ಅವಳು ಹೊರಟು ಹೋಗುವುದೆಲ್ಲಿಗೆ ಎಂಬಲ್ಲಿ ಪೆನ್ನು ನಿಲ್ಲುತ್ತದೆ.

ಎಲ್ಲಕ್ಕೂ ಸೇರಿ 55 ನಿಮಿಷದ ಆರು ಪೀರಿಯಡ್ ಬೇಕು. ನಲವತ್ತು ಜನರ ಮೇಲಿದ್ದರೆ ಆರೇಳು ಜನರ ಗುಂಪು ಮಾಡಿ. ಹೈಸ್ಕೂಲಿಗೆ ಈ ನಾಟಕ ಬೇಡ. ಪಿಯುಸಿಗಾದರೆ ರಾತ್ರಿಯ ದೃಶ್ಯಗಳನ್ನು ಬಿಟ್ಟು, ಬೀಗ ಮತ್ತು ಪಂಚಾಯ್ತಿ ಮಾತ್ರ. ಒದೆಯುವ, ಹೊಡೆಯುವ ಜಾಗಗಳಲ್ಲಿ ಮೈಗೆ ಮೈ ತಾಗಬಾರದು, ತೋಳು ಚಾಚಿದರೂ ಎಟುಕದಷ್ಟು ದೂರವಿಟ್ಟು ಸದ್ದನ್ನು ಪಕ್ಕದವರು ಚಪ್ಪಾಳೆಯಿಂದ ಮಾಡಲಿ. ನಿಮ್ಮ ಮನೆಯಲ್ಲಿ ಹೀಗೆ ಆಗುತ್ತದೆಯೇ ಎಂದು ಯಾವ ಕಾರಣಕ್ಕೂ ಕೇಳಕೂಡದು. ಕೇಳದೆಯೂ ಯಾರಾದರೂ ಅಳಬಹುದು, ಎದ್ದು ಹೋಗಬಹುದು. ಹೋಗಲು ಬಾಗಿಲು ತೆರೆದಿರಲಿ, ಕಾರಣ ಹೇಳಬೇಕಿಲ್ಲ ಎಂದು ಮೊದಲ ದಿನವೇ ತಿಳಿಸಿ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಎರಡನ್ನೂ ಬೋರ್ಡಿನ ಮೂಲೆಯಲ್ಲಿ ಆರೂ ದಿನ ಅಳಿಸದೆ ಬಿಡಿ.

1997ರ ಸಿನಿಮಾವನ್ನು ಕೊನೆಯ ಪೀರಿಯಡ್ ಆಗುವವರೆಗೆ ತೋರಿಸದಿರುವುದು ಲೇಸು. ಪ್ರಕಾಶ್ ರೈ ಅಪ್ಪಣ್ಣ, ನಾಗ ಇಬ್ಬರೂ ಆಗಿ ನಿಂತ ಮೇಲೆ ವಿದ್ಯಾರ್ಥಿಗಳ ನಾಗನಿಗೆ ಬೇರೆ ಮುಖ ಬರುವುದಿಲ್ಲ. ಫೋನಿನಲ್ಲಿ ಹುಡುಕಿದರೆ ಕರಾವಳಿಯಲ್ಲಿ ನಾಗದೇವರಿಗೆ ಸಲ್ಲಿಸುವ ನಾಗಮಂಡಲ ಸೇವೆಯ ವಿಡಿಯೋಗಳೂ ಬರುತ್ತವೆ. ಅದು ಬೇರೆ, ಆದರೆ ಅಲ್ಲಿಯೂ ವೈದ್ಯ ಎಂದು ಕರೆಸಿಕೊಳ್ಳುವ ನರ್ತಕ ಅರ್ಧನಾರಿಯ ವೇಷದಲ್ಲಿ ಕುಣಿಯುತ್ತಾನೆ. ಉಡುಪಿ, ಮಂಗಳೂರು ಕಡೆಯ ವಿದ್ಯಾರ್ಥಿಗಳಿದ್ದರೆ ಅವರೇ ವಿವರಿಸಲಿ. ಪುಸ್ತಕ ಇಬ್ಬರಿಗೆ ಒಂದರಂತೆ ಸಾಕು. ಕಾರ್ನಾಡರು ತೀರಿಕೊಂಡದ್ದು 2019ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯ ಇನ್ನೂ ಬಹಳ ಕಾಲ ಇರುತ್ತದೆ. ಸಂಸ್ಥೆಯ ಚಟುವಟಿಕೆಯಾಗಿ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರ ಮುಂದೆ ಆಡುವುದಕ್ಕೆ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಊರವರಿಗೆ ಟಿಕೆಟ್ ಮಾರುವುದಾದರೆ ಪ್ರಕಾಶಕರ ಮೂಲಕ ಹಕ್ಕುದಾರರಿಗೆ ಬರೆದು, ಲಿಖಿತ ಅನುಮತಿ ಬಂದ ಮೇಲೆಯೇ ಪೋಸ್ಟರ್ ಅಚ್ಚು ಹಾಕಿಸಿ.